ಬಸ್ಸಾರು, ಹಿಟ್ಟು ಮತ್ತು ಸಂಜೆ ಏಳರ ಪ್ರಶ್ನೆ

"ರಾತ್ರಿಗೆ ಏನ್ ಅಡುಗೆ?" ಅನ್ನೋ ಪ್ರಶ್ನೆ ಸೋಮವಾರದಿಂದ ಶುಕ್ರವಾರದ ತನಕ ಸಂಜೆ ಏಳಕ್ಕೆ ಸರಿಯಾಗಿ ಎದ್ದು ನಿಲ್ಲುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋ ಮನೆಯಲ್ಲಿ ಇದಕ್ಕೆ ಉತ್ತರ ಹುಡುಕೋದಕ್ಕಿಂತ ಬೇರೆ ಯಾರೋ ಬರೆದಿಟ್ಟ ಕೋಡಿನಲ್ಲಿ ಬಗ್ ಹುಡುಕೋದೇ ಸುಲಭ :-) ಭಾನುವಾರವೇ ವಾರದ ಊಟವನ್ನೆಲ್ಲ ಪ್ಲಾನ್ ಮಾಡಿ, ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಿ ಅಂತ ಉಪದೇಶ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನೆಲ್ಲ ಓದುವಾಗ ನನಗೆ ಅನ್ನಿಸೋದು, ನಮ್ಮ ಮೈಸೂರು ಸೀಮೆಯ ರಾತ್ರಿ ಊಟವೇ ಒಂದು ಪ್ಲಾನ್ ಅಲ್ವಾ ಅಂತ. ಯಾರೂ ಅದನ್ನು ಹಾಗಂತ ಕರೆಯಲಿಲ್ಲ ಅಷ್ಟೇ.

ನಾನು ಸೊಸೆಯಾಗಿ ಬಂದದ್ದು ಮಂಡಕಳ್ಳಿಗೆ. ಮಂಡಕಳ್ಳಿ ಅಂದ್ರೆ ಈಗ ಎಲ್ಲರಿಗೂ ವಿಮಾನ ನಿಲ್ದಾಣ. ಅರಸರ ಕಾಲದಲ್ಲಿ, 1940ರ ದಶಕದಲ್ಲಿ ವಿಮಾನಕ್ಕೆ ಅಂತ ಮಾಡಿದ ಬಯಲು, 2010ರಲ್ಲಿ ಹೊಸ ಕಟ್ಟಡದೊಂದಿಗೆ ಮತ್ತೆ ಶುರುವಾಯ್ತು. ನಂಜನಗೂಡು ರಸ್ತೆಯಲ್ಲಿ ಹೋಗುವವರು ಬೋರ್ಡು ನೋಡಿ ಮುಂದೆ ಹೋಗ್ತಾರೆ. ಊರೊಳಗೆ ಬಂದರೆ ಇವತ್ತಿಗೂ ಹಿರಿಯರು "ಹಿಟ್ಟುಂಡ್ಯಾ?" ಅಂತಲೇ ಕೇಳೋದು. ಹಿಟ್ಟು ಅಂದ್ರೆ ಮುದ್ದೆ, ಇನ್ನೇನೂ ಅಲ್ಲ.

ಬಸ್ಸಾರು ಮಾಡೋದು ನಿಮಗೆ ಗೊತ್ತೇ ಇರುತ್ತದೆ, ಆದರೂ ಹೇಳ್ತೀನಿ. ತೊಗರಿಬೇಳೆಯೋ ಹಲಸಂದೆಯೋ ಬೇಯಲು ಇಟ್ಟು, ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೆಂದ ಮೇಲೆ ನೀರು ಬಸಿಯಬೇಕು. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆ, ಸಾರಿನಪುಡಿ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಲೆ ಹತ್ತಿಸಿದ್ದು ಒಂದು ಸಲ, ಪಾತ್ರೆ ಒಂದು, ಎಲೆ ಮೇಲೆ ಬಂದದ್ದು ಎರಡು. ಮಾರನೇ ದಿನ ಅದೇ ಸಾರನ್ನು ಕುದಿಸಿ ಬತ್ತಿಸಿದರೆ ಮೊದಲ ದಿನಕ್ಕಿಂತ ರುಚಿ. ಉಪ್ಪುಸಾರಂತೂ ಇನ್ನೂ ಜಾಣತನದ್ದು. ಕಟ್ಟಿಗೆ ಬರೀ ಉಪ್ಪು. ಖಾರ ಬೇರೆ ಅರೆದು ತಟ್ಟೆ ಪಕ್ಕ ಇಡೋದು. ಮೂರು ವರ್ಷದ ಮಗುವಿಗೆ ಖಾರ ಇಲ್ಲ, ಬಿ.ಪಿ. ಇರೋ ಮಾವನಿಗೆ ಉಪ್ಪು ಹಾಕೋ ಮೊದಲೇ ಒಂದು ಬಟ್ಟಲು ಕಟ್ಟು ತೆಗೆದಿಟ್ಟರಾಯ್ತು, ನಮ್ಮನೆಯವರಿಗೆ ಎರಡು ಉಂಡೆ ಖಾರ. ಒಂದೇ ಅಡುಗೆ, ನಾಲ್ಕು ನಾಲಿಗೆ. ಉಳಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಗೆ ಬಿದ್ದು ತಂಗಳು. ವಾರದ ಊಟದ ಪ್ಲಾನ್ ಅಂದ್ರೆ ಇದೇ ತಾನೇ?

ಈ ಪ್ಲಾನಿನ ಬೇರು ಕಾಳಿನ ಗುಣದಲ್ಲೇ ಇದೆ. ರಾಗಿ ಮೂಲತಃ ಪೂರ್ವ ಆಫ್ರಿಕಾದ್ದು, ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟಿದೆ. ಅದು ಕೆಡುವುದಿಲ್ಲ. ಹದಿನಾರನೇ ಶತಮಾನದ ಕನಕದಾಸರ ರಾಮಧಾನ್ಯಚರಿತೆಯ ಕಥೆ ನಿಂತಿರೋದೇ ಇದರ ಮೇಲೆ. ಅಕ್ಕಿಗೂ ರಾಗಿಗೂ ಯಾರು ಹೆಚ್ಚು ಅಂತ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಸೊರಗುತ್ತದೆ, ರಾಗಿ ಹಾಗೇ ಇರುತ್ತದೆ. ಕುಲದ ಮೇಲ್ಮೆಯ ವಾದಕ್ಕೆ ಉಗ್ರಾಣದ ಪರೀಕ್ಷೆ ಇಟ್ಟದ್ದು ನನ್ನಂಥ ಇಂಜಿನಿಯರಿಗೆ ಬಹಳ ಹಿಡಿಸುವ ಸಂಗತಿ. ನಮ್ಮ ಊರುಗಳಲ್ಲಿ ಆ ಸೆರೆಮನೆಯ ಹೆಸರು ಹಗೇವು, ನೆಲದೊಳಗಿನ ಕಣಜ. ಬಾಯಿ ಮುಚ್ಚಿದ ಮೇಲೆ ಕಾಳಿನ ಉಸಿರಾಟಕ್ಕೇ ಒಳಗಿನ ಆಮ್ಲಜನಕ ಖರ್ಚಾಗಿ ಹುಳ ಸಾಯುತ್ತವೆ. ತೆಗೆದಾಗ ತಕ್ಷಣ ಇಳಿಯಬಾರದು, ಗಾಳಿಯಾಡಲು ಬಿಡಬೇಕು, ಇಲ್ಲದಿದ್ದರೆ ಮನುಷ್ಯನೂ ಉಳಿಯಲ್ಲ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಸರ್ಕಾರದ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಹೊಲ, ಗೊಬ್ಬರ, ಬೆಲೆ ಎಲ್ಲ ಬರೆದುಕೊಂಡ. ಅದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಬೆದ್ದಲಿನ ಬೆಳೆಗಳಲ್ಲಿ ರಾಗಿಯೇ ಮುಖ್ಯ, ಬಡವರ ದಿನದ ಊಟ ಅದೇ ಅಂತ ದಾಖಲಿಸಿದ್ದಾನೆ. ದುಡಿಯುವವರಿಗೆ ರಾಗಿಯೇ ಶಕ್ತಿ ಅಂತ ಇಲ್ಲಿಯವರು ನಂಬ್ತಾರೆ, ಎಲ್ಲ ದೇಶದಲ್ಲೂ ಸಾಮಾನ್ಯವಾಗಿ ಸಿಗೋ ಕಾಳನ್ನೇ ಜನ ಹೀಗೆ ಹೊಗಳ್ತಾರೆ ಅಂತ ಸ್ವಲ್ಪ ಕೊಂಕೂ ಇದೆ. ಪಾಪ, ಅವನ ಕಾಲಕ್ಕೆ ಕ್ಯಾಲ್ಸಿಯಂ ಲೆಕ್ಕ ಇರಲಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು.

ಹಗೇವು ಎಲ್ಲ ಬರವನ್ನೂ ತಡೆಯಲಿಲ್ಲ. ಮಳೆ ಒಂದರ ಹಿಂದೆ ಒಂದು ವರ್ಷ ಕೈಕೊಟ್ಟ 1876-78ರ ಧಾತು ಈಶ್ವರ ಬರದಲ್ಲಿ ಅವೂ ಬರಿದಾದವು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ ನಲವತ್ತೆರಡು ಲಕ್ಷದೊಳಗೆ ಇಳಿದಿತ್ತು.

ಇಷ್ಟು ಹೊತ್ತು ರಾಗಿಯ ಗುಣಗಾನ ಮಾಡಿದೆ. ಈಗ ನಮ್ಮನೆಯವರ ಅಜ್ಜಿ ಹೇಳೋದನ್ನು ಕೇಳಿ. ಎಂಬತ್ತು ದಾಟಿದ ಜೀವ, ಗಂಜಿಯಂಥ ಸಪ್ಪೆ ಮಾತೇ ಆಡೋರಲ್ಲ. ನಾನು ಹಳೇ ಕಾಲದ ಊಟ ಎಷ್ಟು ಸರಳ, ಎಷ್ಟು ಅಗ್ಗ ಅಂದಿದ್ದಕ್ಕೆ, "ಅಗ್ಗವಾ? ಬೀಸ್ದೋರು ಯಾರವ್ವಾ?" ಅಂದ್ರು. ಮದುವೆಯಾಗಿ ಬಂದಾಗ ಮನೆ ತುಂಬಾ ಜನ. ಕೋಳಿ ಕೂಗೋ ಮುಂಚೆ ಎದ್ದು ಇಬ್ಬರು ಸೊಸೆಯರು ಬೀಸೋ ಕಲ್ಲಿನ ಗೂಟ ಹಿಡಿದರೆ ಬೆಳಕು ಹರಿಯೋವರೆಗೂ ಅದೇ ಕೆಲಸ. ಎರಡನೇ ಮಗು ಆದ ಮೇಲೆ ಪಕ್ಕದೂರಿಗೆ ಹಿಟ್ಟಿನ ಮಿಲ್ಲು ಬಂತಂತೆ. ಆಗ ರಾಗಿ ಮೂಟೆ ತಲೆ ಮೇಲೆ ಹೊತ್ತು ಹೋಗೋದೇ ಸುಖ ಅನ್ನಿಸ್ತಂತೆ.

ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೊರಟದ್ದು 1902ರಲ್ಲಿ. ಮೈಸೂರು ಪಟ್ಟಣಕ್ಕೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ. ಅದಾಗಿ ಅರ್ಧ ಶತಮಾನವಾದರೂ ಅಜ್ಜಿ ಬುಡ್ಡಿ ದೀಪದಲ್ಲಿ ರಾಗಿ ಬೀಸುತ್ತಿದ್ದರು. ಬೀಸುವ ಪದಗಳನ್ನು ನಾವು ಜಾನಪದ ಸಿರಿ ಅಂತ ಮೆಚ್ಚಿ ಓದ್ತೀವಿ. ನಿದ್ದೆ ಬರಬಾರದು ಅಂತ ಹಾಡ್ತಿದ್ದೆವು ಅಂತಾರೆ ಅಜ್ಜಿ. ಹಾಗಾಗಿ ನನ್ನ ವಾದ ಇಷ್ಟು: ಮುದ್ದೆ ಬಸ್ಸಾರು ಬಿಡುವಿಲ್ಲದ ಸಂಸಾರದ ಊಟವಾದದ್ದು ಹಗೇವಿನಿಂದಲ್ಲ, ಹಿಟ್ಟಿನ ಮಿಲ್ಲಿನಿಂದ. ಅದಕ್ಕೆ ಮುಂಚೆ ಅದು ಬಿಡುವನ್ನೇ ಕೊಡದ ಊಟ. ಲೆಕ್ಕದಲ್ಲಿ ಅಗ್ಗವಾಗಿ ಕಂಡದ್ದು ಹೆಂಗಸರ ನಿದ್ದೆಗೆ ಯಾರೂ ರೇಟು ಹಾಕದೆ ಇದ್ದದ್ದಕ್ಕೆ.

ತಮಾಷೆ ಅಂದ್ರೆ, ರಾಗಿ ಸುಲಭವಾದ ಹೊತ್ತಿಗೆ ಅನ್ನ ಒಳಗೆ ಬಂದಿತ್ತು. 1930ರ ದಶಕದಿಂದ ಕನ್ನಂಬಾಡಿ ನೀರು ಮಂಡ್ಯ ಕಡೆ ಹರಿದು ಭತ್ತ ಹೆಚ್ಚಿತು. ನಡುವೆ 1942ರಲ್ಲಿ ಬರ್ಮಾ ಜಪಾನಿಯರ ಕೈಸೇರಿ ಅಲ್ಲಿಯ ಅಕ್ಕಿ ನಿಂತು, ದೇಶದಲ್ಲೆಲ್ಲ ಅಕ್ಕಿಗೆ ಹಾಹಾಕಾರ. ರವೆ ಇಡ್ಲಿ ಹುಟ್ಟಿದ್ದು ಆ ಅಭಾವದಲ್ಲೇ ಅಂತ ಎಂ.ಟಿ.ಆರ್.ನವರು ಹೇಳ್ತಾರೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಸಿ.ಎಫ್.ಟಿ.ಆರ್.ಐ. ಬಾಗಿಲು ತೆರೆದದ್ದೂ ದೇಶಕ್ಕೆ ಅನ್ನದ ಚಿಂತೆ ಇದ್ದಾಗ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕಸಿ ಮಾಡಿ ಇಂಡಾಫ್ ತಳಿಗಳನ್ನು ತಂದರು. ಅಷ್ಟು ಸಣ್ಣ ಹೂವಿನಲ್ಲಿ ಪರಾಗ ಬೆರೆಸೋದು ಸುಲಭದ ಮಾತಲ್ಲ. ಅವರ ಬಗ್ಗೆಯೇ ಒಂದು ಪೂರ್ತಿ ಬರಹ ಬರೀಬೇಕು. ಇಳುವರಿ ಏರಿತು, ಆದರೂ ರಾತ್ರಿ ತಟ್ಟೆಯಲ್ಲಿ ಅನ್ನದ ಪಾಲು ಬೆಳೆಯುತ್ತಲೇ ಹೋಯ್ತು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು, ಬಡ ಕುಟುಂಬಕ್ಕೆ ತಿಂಗಳಿಗೆ 30 ಕೆ.ಜಿ.ವರೆಗೆ, ಕೆ.ಜಿ.ಗೆ ಒಂದೇ ರೂಪಾಯಿ. ಹಬ್ಬಕ್ಕೆ ಮಾತ್ರ ಅನ್ನ ಕಂಡಿದ್ದ ಅಜ್ಜಿಯಂಥವರಿಗೆ ಅದು ಎಂಥ ಸಂಗತಿ ಅಂತ ಹೊಟ್ಟೆ ತುಂಬಿದ ನಮಗೆ ಅರ್ಥವಾಗೋದು ಕಷ್ಟ.

ಕುತೂಹಲಕ್ಕೆ ಒಂದು ಎಕ್ಸೆಲ್ ಶೀಟ್ ಹಾಕಿದೆ (ಕಸುಬು ಬಿಡಲ್ಲ ನೋಡಿ). ಅಂಗಡಿ ಬೆಲೆ ಬೇಡ, ಕೇಂದ್ರದ ಬೆಂಬಲ ಬೆಲೆಯನ್ನೇ ತಗೊಳ್ಳೋಣ. 2013-14ರಲ್ಲಿ ಕ್ವಿಂಟಾಲ್ ರಾಗಿಗೆ 1500 ರೂಪಾಯಿ, ಸಾಮಾನ್ಯ ಭತ್ತಕ್ಕೆ 1310. ನೂರು ಕೆ.ಜಿ. ಭತ್ತಕ್ಕೆ 67 ಕೆ.ಜಿ. ಅಕ್ಕಿ ಅಂತ ಹಿಡಿದರೆ, ಮಿಲ್ಲಿನ ಖರ್ಚು ಬಿಟ್ಟು, ಅಕ್ಕಿ ಕೆ.ಜಿ.ಗೆ 19 ರೂಪಾಯಿ 55 ಪೈಸೆ, ರಾಗಿ 15. ಅಂದ್ರೆ ರಾಗಿಯೇ ಅಗ್ಗ. 2025-26ಕ್ಕೆ ಬನ್ನಿ. ರಾಗಿ 4886, ಭತ್ತ 2369. ಈಗ ಅಕ್ಕಿ 35 ರೂಪಾಯಿ 36 ಪೈಸೆ, ರಾಗಿ 48 ರೂಪಾಯಿ 86 ಪೈಸೆ. ಹನ್ನೆರಡು ವರ್ಷದಲ್ಲಿ ಎರಡೂ ಜಾಗ ಬದಲಾಯಿಸಿಕೊಂಡಿವೆ. ರಾಗಿ ಬೆಳೆಯೋ ರೈತನಿಗೆ ಇಷ್ಟು ಬೆಲೆ ನ್ಯಾಯವೇ, ತಡವಾಗಿ ಸಿಕ್ಕಿದ್ದು. ಆದರೆ ಹೊಲ ಇಲ್ಲದ, ಕೂಲಿ ಮುಗಿಸಿ ಸಂಜೆ ಏಳಕ್ಕೆ ಒಲೆ ಹಚ್ಚೋ ಹೆಂಗಸಿಗೆ ರೇಷನ್ ಅಕ್ಕಿ ಬಿಟ್ಟು ರಾಗಿ ತಿನ್ನಿ ಅಂತ ಸಿರಿಧಾನ್ಯದ ಪಾಠ ಹೇಳೋ ಮೊದಲು ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಬೇಕು.

ನಮ್ಮನೆಯಲ್ಲಿ ಸೋಮವಾರ ಬಸ್ಸಾರು, ಮಂಗಳವಾರ ಬತ್ತಿಸಿದ್ದು, ಗುರುವಾರ ಉಪ್ಪುಸಾರು. ಮುದ್ದೆ ತಿರುವೋದು ನಮ್ಮನೆಯವರು. ಗಂಟಿಲ್ಲದ ಮುದ್ದೆ ಅವರಿಗೆ ಬರೋಕೆ ಒಂದು ವರ್ಷ ಹಿಡೀತು. ಅಜ್ಜಿ ಇನ್ನೂ ಪಾಸ್ ಮಾಡಿಲ್ಲ :-) ಉಪ್ಪುಸಾರಿನ ಖಾರಕ್ಕೆ ಇಲ್ಲಿ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹುಣಸೆ ಹಾಕ್ತಾರೆ. ತುಮಕೂರು, ಹಾಸನದ ಕಡೆಯವರು ನಿಮ್ಮಲ್ಲಿ ಏನು ಹಾಕ್ತಾರೆ ಅಂತ ತಿಳಿಸಿ. ಹಾಗೇ, ನಿಮ್ಮ ಮನೆಯ ಹಿರಿಯರನ್ನು ಕೇಳಿ, ನಿಮ್ಮೂರಿಗೆ ಹಿಟ್ಟಿನ ಮಿಲ್ಲು ಯಾವ ವರ್ಷ ಬಂತು ಅಂತ.