ಮೂಗು ಮುರಿದವರೇ ಬೆಳೆಸಿದ ಸುಶಿ



ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ತಟ್ಟೆಗೆ ಬಡಿಸುವ ಮುಂಚೆಯೇ 'ಅದು ನನಗೆ ಬೇಡ' ಎನ್ನುವವರು. ಹಸಿ ಮೀನು ಎಂದರಂತೂ, ದಿನಾ ಮೀನು ತಿನ್ನುವವರೂ ಮೂಗು ಮುರಿಯುತ್ತಾರೆ. ಆದರೆ ಜಪಾನಿನ ಸುಶಿಯ ಚರಿತ್ರೆಯಲ್ಲಿ ಒಂದು ತಮಾಷೆ ಇದೆ. ಇವತ್ತಿನ ಸುಶಿ ರೂಪುಗೊಂಡದ್ದರಲ್ಲಿ 'ಬೇಡ' ಎಂದವರ ಪಾಲೇ ದೊಡ್ಡದು!

ಸುಶಿ ಮೊದಲಿಗೆ ಮೀನು ಕಾಪಿಡುವ ಉಪಾಯ. ಉಪ್ಪು ಹಾಕಿದ ಮೀನನ್ನು ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನ ಹುಳಿಯಾಗಿ ಮೀನು ಕೆಡದೆ ಉಳಿಯುತ್ತಿತ್ತು. ತಿನ್ನುವಾಗ ಅನ್ನವನ್ನು ಬಿಸಾಡುತ್ತಿದ್ದರು. ಬಿವಾ ಸರೋವರದ ಸುತ್ತಮುತ್ತ 'ಫುನಾಜುಶಿ' ಈಗಲೂ ಹೀಗೆಯೇ ತಯಾರಾಗುತ್ತದೆ. ಅದರ ಘಾಟು ವಾಸನೆಗೆ ಜಪಾನಿಯರೇ ಎಷ್ಟೋ ಮಂದಿ ದೂರ ಸರಿಯುತ್ತಾರೆ. 1820ರ ದಶಕದಲ್ಲಿ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ವಿನಿಗರ್ ಬೆರೆಸಿದ ಅನ್ನದ ಉಂಡೆಯ ಮೇಲೆ ಮೀನಿನ ತುಂಡು ಒತ್ತಿ ಕೊಡುವ ಪದ್ಧತಿ ಜನಪ್ರಿಯವಾಯಿತು. ಇದರ ಶ್ರೇಯಸ್ಸನ್ನು ಹನಾಯಾ ಯೊಹೇ ಎಂಬಾತನಿಗೆ ಕೊಡುತ್ತಾರೆ. ಮುಂಬಯಿಯ ವಡಾಪಾವ್‌ನಂತೆ ಅದು ಬೀದಿಬದಿಯಲ್ಲಿ ನಿಂತು ತಿನ್ನುವ ತಿಂಡಿ.

ಎಡೊದವರದೂ ಕಡಿಮೆ ಹಟವಲ್ಲ. ಟ್ಯೂನಾ ಮೀನಿನ ಹೊಟ್ಟೆಯ ಕೊಬ್ಬಿನ ಭಾಗ ಬೇಗ ಕೆಡುತ್ತಿದ್ದುದರಿಂದ ಅದನ್ನು ಎಸೆಯುತ್ತಿದ್ದರು. ಬೆಕ್ಕು ಕೂಡ ಅದನ್ನು ಮುಟ್ಟದೆ ದಾಟಿಹೋಗುತ್ತದೆ ಎಂಬ ಮಾತಿತ್ತು. ಮಂಜುಗಡ್ಡೆ, ಫ್ರಿಜ್ ಬಂದವು. ಎರಡನೇ ಮಹಾಯುದ್ಧದ ನಂತರ ಜನರ ಬಾಯಿರುಚಿಯೂ ಬದಲಾಯಿತು. ಅದೇ ತುಂಡು ಈಗ 'ತೊರೊ' ಎಂಬ ಹೆಸರಿನಲ್ಲಿ ಅತಿ ದುಬಾರಿ!

1960ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಲಿಟ್ಲ್ ಟೋಕಿಯೊ ಬಡಾವಣೆಯಲ್ಲಿ ಕವಾಫುಕು ಎಂಬ ಹೋಟೆಲು ಸುಶಿ ಕೊಡತೊಡಗಿತು. ಅಲ್ಲಿಗೆ ಬರುತ್ತಿದ್ದ ಜಪಾನಿ ವ್ಯಾಪಾರಿಗಳು ತಮ್ಮ ಅಮೆರಿಕನ್ ಗೆಳೆಯರನ್ನೂ ಕರೆತಂದರು. ಆ ಊರಿನ ಇನ್ನೊಂದು ಹೋಟೆಲು ಟೋಕಿಯೊ ಕೈಕಾನ್‌ನಲ್ಲಿ ಇಚಿರೊ ಮಶಿತಾ ಎಂಬ ಬಾಣಸಿಗ ಟ್ಯೂನಾ ಕೊಬ್ಬಿನ ಬದಲು ಬೆಣ್ಣೆಹಣ್ಣನ್ನು ಬಳಸಿ, ಏಡಿಯ ಜೊತೆ ಸುತ್ತಿಕೊಟ್ಟ ಎನ್ನುತ್ತಾರೆ. ಸುತ್ತಿದ ಸಮುದ್ರಪಾಚಿ 'ನೋರಿ'ಯನ್ನು ಗಿರಾಕಿಗಳು ಸುಲಿದು ಪಕ್ಕಕ್ಕಿಡುತ್ತಿದ್ದರಂತೆ. ಸರಿ, ಪಾಚಿ ಒಳಗೆ ಹೋಯಿತು, ಅನ್ನ ಹೊರಗೆ ಬಂತು. ಅದೇ ಕ್ಯಾಲಿಫೋರ್ನಿಯಾ ರೋಲ್. ಅದನ್ನು ಕಂಡುಹಿಡಿದದ್ದು ತಾನೇ ಎಂದು ಕೆನಡಾದ ವ್ಯಾಂಕೂವರ್‌ನ ಹಿಡೆಕಾಜು ತೋಜೊ ಕೂಡ ಹೇಳುತ್ತಾರೆ. ಯಾರೇ ಮಾಡಿರಲಿ, ಹಸಿ ಮೀನು ಇಲ್ಲದ ಈ ಸುರುಳಿಯಿಂದ ಶುರುಮಾಡಿದ ಅನೇಕರು ಮೆಲ್ಲನೆ ಹಸಿ ಟ್ಯೂನಾದವರೆಗೂ ಬಂದರು.

ಇನ್ನು ಸಾಲ್ಮನ್ ಕಥೆ ಕೇಳಿ. ಪೆಸಿಫಿಕ್ ಸಾಲ್ಮನ್‌ನಲ್ಲಿ ಪರೋಪಜೀವಿ ಹುಳುಗಳಿರುತ್ತವೆಂದು ಜಪಾನಿಯರು ಅದನ್ನು ಬೇಯಿಸಿಯೇ ತಿನ್ನುತ್ತಿದ್ದರು. 1980ರ ದಶಕದಲ್ಲಿ ನಾರ್ವೆ ದೇಶ ತನ್ನ ಸಾಕಣೆಯ ಸಾಲ್ಮನ್ ಸುರಕ್ಷಿತವೆಂದು ವರ್ಷಗಟ್ಟಲೆ ಪ್ರಚಾರ ಮಾಡಿತು. ಬಾಣಸಿಗರು ಒಪ್ಪಲು ಬಹುಕಾಲ ಹಿಡಿಯಿತು. ಆದರೆ ಪಟ್ಟಿಯ ಮೇಲೆ ತಟ್ಟೆಗಳು ಸುತ್ತಿಬರುವ ಅಗ್ಗದ ಸುಶಿ ಅಂಗಡಿಗಳಲ್ಲಿ ಈಗ ಜಪಾನಿಯರು ಮೊದಲು ಎತ್ತಿಕೊಳ್ಳುವ ತಟ್ಟೆಗಳಲ್ಲಿ ಸಾಲ್ಮನ್ ಒಂದು. ಇಂಥ ಮೊದಲ ಅಂಗಡಿ 1958ರಲ್ಲಿ ಒಸಾಕಾ ಬಳಿ ಶುರುವಾಗಿತ್ತು.

ಹಾಗಾದರೆ 'ನಿಜವಾದ' ಸುಶಿ ಯಾವುದು? 2006ರಲ್ಲಿ ಜಪಾನ್ ಸರಕಾರ ಹೊರದೇಶಗಳ ಜಪಾನಿ ಹೋಟೆಲುಗಳಿಗೆ ಪ್ರಮಾಣಪತ್ರ ಕೊಡುವ ಯೋಜನೆ ಹಾಕಿತು. 'ಸುಶಿ ಪೊಲೀಸರು ಬಂದರು' ಎಂದು ಅಮೆರಿಕದ ಪತ್ರಿಕೆಗಳು ನಕ್ಕವು. ಯೋಜನೆ ಮೆತ್ತಗಾಯಿತು.

ಪರಊರಿನಲ್ಲಿರುವ ನಮಗೆ ಈ ಪ್ರಶ್ನೆ ಹೊಸದಲ್ಲ. ಮುಂಬಯಿಯ ಉಡುಪಿ ಹೋಟೆಲುಗಳೂ ಊರಿನವರ ನಾಲಿಗೆಗೆ ತಕ್ಕಂತೆ ದೋಸೆಯೊಳಗೆ ಪಾವ್‌ಭಾಜಿ ತುಂಬಿದವು. 'ಇದೆಂಥ ದೋಸೆ?' ಎಂದು ನಾವು ಗೊಣಗಿದೆವು. ಆದರೆ ಆ ದೋಸೆಯಿಂದ ಶುರುಮಾಡಿದವರೇ ನಾಳೆ ನೀರುದೋಸೆ ಕೇಳಬಹುದಲ್ಲವೇ? ಮನೆಯಲ್ಲಿ ತಟ್ಟೆ ಸರಿಸುವ ಮಗುವಿಗೂ ಇದೇ ಮಾತು. ಬಲವಂತ ಬೇಡ, ಬಾಗಿಲು ಮಾತ್ರ ತೆರೆದಿರಲಿ.