ವಲಸೆ ಅಧಿಕಾರಿಗಳ ಭ್ರಷ್ಟಾಚಾರ ಮತ್ತು ಶಿಕ್ಷೆ: ದಕ್ಷಿಣ ಬೆಂಗಳೂರು

ದೇಶದೊಳಗೆ ಬರುವವರ, ದೇಶ ಬಿಟ್ಟು ಹೊರಡುವವರ ಕಾಗದಪತ್ರ ನೋಡುವ ಸರ್ಕಾರಿ ನೌಕರರು ಹಣಕ್ಕಾಗಿ ಅಥವಾ ಬೇರೆ ಲಾಭಕ್ಕಾಗಿ ತಮ್ಮ ಅಧಿಕಾರವನ್ನು ಮಾರಿಕೊಳ್ಳುವುದು, ಅದಕ್ಕೆ ಕಾನೂನು ವಿಧಿಸುವ ದಂಡನೆ ಈ ಲೇಖನದ ವಿಷಯ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳನ್ನು ಒಳಗೊಂಡ ದಕ್ಷಿಣ ಬೆಂಗಳೂರಿನಲ್ಲಿ ಗಡಿಯಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಅದು 2008ರಿಂದ ದೇವನಹಳ್ಳಿಯಲ್ಲಿದೆ. ಇಲ್ಲಿನವರಿಗೆ ವಲಸೆ ಆಡಳಿತ ಎದುರಾಗುವುದು ಮುಖ್ಯವಾಗಿ ಎರಡು ಕಡೆ. ಒಂದು, ಶಾಂತಿನಗರ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಪ್ರಾದೇಶಿಕ ವಿದೇಶಿಯರ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ. ಇನ್ನೊಂದು, ಪಾಸ್‌ಪೋರ್ಟ್ ಪರಿಶೀಲನೆಗೆ ಬರುವ ಸ್ಥಳೀಯ ಠಾಣೆಯ ಪೊಲೀಸರು. ಮೊದಲನೆಯದು ಕೇಂದ್ರ ಸರ್ಕಾರದ್ದು, ಎರಡನೆಯದು ರಾಜ್ಯದ್ದು. ಲಂಚ ಕೇಳಿದವರನ್ನು ಯಾರು ಹಿಡಿಯಬೇಕು, ಯಾರು ಕೆಲಸದಿಂದ ತೆಗೆಯಬೇಕು ಎಂಬುದೆಲ್ಲ ಈ ಭೇದದ ಮೇಲೆಯೇ ನಿಂತಿದೆ.

ಎಫ್‌ಆರ್‌ಆರ್‌ಒ ಕೇಂದ್ರ ಗೃಹ ಸಚಿವಾಲಯದ ವಲಸೆ ಬ್ಯೂರೋಗೆ ಸೇರಿದ್ದು. 1971ರಲ್ಲಿ ಸ್ಥಾಪನೆಯಾದ ಬ್ಯೂರೋ, ಗುಪ್ತಚರ ದಳದ ಆಡಳಿತದಲ್ಲಿದೆ. ಅಲ್ಲಿನ ಸಿಬ್ಬಂದಿಯಲ್ಲಿ ಅನೇಕರು ಗುಪ್ತಚರ ದಳದ ನೌಕರರೇ ಆಗಿರುತ್ತಾರೆ. ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮು ಗುಪ್ತಚರ ದಳಕ್ಕೆ ವಿನಾಯಿತಿ ಕೊಟ್ಟಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗೆ ಮಾತ್ರ ಆ ವಿನಾಯಿತಿ ಅನ್ವಯಿಸುವುದಿಲ್ಲ. ಈ ಅಪವಾದ ಪತ್ರಕರ್ತರಿಗೂ ಕೆಲಸಕ್ಕೆ ಬರುವಂಥದ್ದು.

ಲಂಚಕ್ಕೆ ಅವಕಾಶ ಹುಟ್ಟುವ ಜಾಗಗಳು ಗುಟ್ಟೇನಲ್ಲ. ನೂರ ಎಂಬತ್ತು ದಿನ ಮೀರಿದ ವಿದ್ಯಾರ್ಥಿ ಅಥವಾ ಉದ್ಯೋಗ ವೀಸಾದಲ್ಲಿ ಬಂದ ವಿದೇಶಿಯರು ಸಾಮಾನ್ಯವಾಗಿ ಹದಿನಾಲ್ಕು ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಅವರಿಗೆ ಮನೆ ಅಥವಾ ಕೋಣೆ ಕೊಟ್ಟವರು ಇಪ್ಪತ್ನಾಲ್ಕು ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ (ಹಿಂದೆ ಫಾರ್ಮ್ ಸಿ) ಮಾಹಿತಿ ಸಲ್ಲಿಸಬೇಕು. ಬಿಟಿಎಂ ಬಡಾವಣೆಯ ಪಿ.ಜಿ. ಮಾಲೀಕರಲ್ಲಿ ಎಷ್ಟೋ ಮಂದಿಗೆ ಈ ನಿಯಮ ಗೊತ್ತಾಗುವುದೇ ತೊಂದರೆಗೆ ಸಿಕ್ಕಿಕೊಂಡ ಮೇಲೆ. ವೀಸಾ ಅವಧಿ ಮುಗಿದಿರುತ್ತದೆ, ಬಾಡಿಗೆ ಕರಾರಿನಲ್ಲಿ ಹೆಸರು ತಪ್ಪಿರುತ್ತದೆ, ಕಾಲೇಜಿನ ಪತ್ರ ಬಂದಿರುವುದಿಲ್ಲ, ವಿಮಾನ ಮಾತ್ರ ನಾಳೆ ಬೆಳಿಗ್ಗೆಗಿರುತ್ತದೆ. ನಡುವೆ ಏಜೆಂಟ್ ಕಾಣಿಸಿಕೊಳ್ಳುವುದು ಇಂಥ ಹೊತ್ತಿನಲ್ಲಿ. ಅವನು ಕೇಳಿದ ಹಣದಲ್ಲಿ ಅಧಿಕಾರಿಗೆ ಎಷ್ಟು ಹೋಯಿತು, ಹೋಯಿತೋ ಇಲ್ಲವೋ ಎಂಬುದು ಕೊಟ್ಟವರಿಗೆ ತಿಳಿಯುವುದೇ ಇಲ್ಲ. ಅಧಿಕಾರಿಯ ಹೆಸರು ಹೇಳಿ ಹಣ ಕಿತ್ತು ತಾನೇ ಇಟ್ಟುಕೊಂಡರೂ, ಅಂಥ ಮಧ್ಯವರ್ತಿಗೆ ಭ್ರಷ್ಟಾಚಾರ ತಡೆ ಕಾಯ್ದೆಯ 7ಎ ಕಲಮಿನಡಿ ಅಧಿಕಾರಿಗೆ ಆಗುವಷ್ಟೇ ಶಿಕ್ಷೆ ಇದೆ.

ಜಯನಗರ, ಬನಶಂಕರಿಯ ಹಳೆಯ ಮನೆಗಳ ಅನುಭವ ಬೇರೆ. ಮಗ ಅಮೆರಿಕದಲ್ಲಿ, ಮಗಳು ಆಸ್ಟ್ರೇಲಿಯಾದಲ್ಲಿ. ಬಾಣಂತನಕ್ಕೆ ಹೊರಟ ತಂದೆತಾಯಿಗೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಯೋಗ 2010ರಲ್ಲಿ ಶುರುವಾದದ್ದೇ ಬೆಂಗಳೂರು ಮತ್ತು ಚಂಡೀಗಢ ವಲಯಗಳಲ್ಲಿ. ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರದೊಳಗೆ ಟೋಕನ್, ಛಾಯಾಚಿತ್ರ, ಬೆರಳಚ್ಚು ಎಲ್ಲವೂ ಸರಾಗ. ಏಜೆಂಟರ ಕಾಟ ಅಲ್ಲಿ ತಗ್ಗಿತು. ತಗ್ಗದೆ ಉಳಿದದ್ದು ಠಾಣೆಯ ಪರಿಶೀಲನೆ. ಅದಕ್ಕೆ ಅರ್ಜಿದಾರರು ಪೊಲೀಸರಿಗೆ ಕೊಡಬೇಕಾದ ಶುಲ್ಕ ಯಾವುದೂ ಇಲ್ಲ. ಆದರೂ ‘ಟೀ ಖರ್ಚಿಗೆ ಏನಾದರೂ’ ಎಂಬ ಮಾತು ಕೇಳಿಸದ ಬೀದಿ ಕಡಿಮೆ. ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ ‘ಐ ಪೇಯ್ಡ್ ಎ ಬ್ರೈಬ್’ ಹೆಸರಿನಲ್ಲಿ ಜನರಿಂದಲೇ ಲಂಚದ ಅನುಭವಗಳನ್ನು ಸಂಗ್ರಹಿಸತೊಡಗಿದಾಗ ಪಾಸ್‌ಪೋರ್ಟ್ ಪರಿಶೀಲನೆಯ ದೂರುಗಳೂ ಬಂದವು. ಮೊತ್ತ ಸಣ್ಣದು, ಕೊಡುವವರಿಗೆ ಊರು ಬಿಡುವ ಅವಸರ, ಹಾಗಾಗಿ ದೂರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಮಾಮೂಲು ಮಾಮೂಲಾಗಿಯೇ ಉಳಿದಿರುವುದಕ್ಕೆ ಕಾನೂನಿನ ಕೊರತೆಗಿಂತ ಇದೇ ದೊಡ್ಡ ಕಾರಣ.

ಕಾನೂನೇನೋ ಕಠಿಣವಾಗಿಯೇ ಇದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಪಡೆದ ಸರ್ಕಾರಿ ನೌಕರನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ ಮತ್ತು ದಂಡ. ಆದಾಯ ಮೀರಿದ ಆಸ್ತಿಯಂಥ ದುರ್ನಡತೆಗೆ 4ರಿಂದ 10 ವರ್ಷ. ಒಮ್ಮೆ ಶಿಕ್ಷೆಯಾಗಿಯೂ ಮತ್ತೆ ಅದನ್ನೇ ಮಾಡಿದರೆ 5ರಿಂದ 10 ವರ್ಷ. ಹಣ ಪಡೆದು ನಕಲಿ ಪಾಸ್‌ಪೋರ್ಟಿಗೆ ದಾರಿ ಬಿಟ್ಟಿದ್ದರೆ ಒಳಸಂಚಿನ ಆರೋಪವೂ ಸೇರಬಹುದು. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದವರಿಗೆ 2ರಿಂದ 7 ವರ್ಷ ಸೆರೆ ವಿಧಿಸುತ್ತದೆ.

ಹಿಡಿಯುವ ವಿಧಾನ ಹೆಚ್ಚಾಗಿ ಟ್ರ್ಯಾಪ್. ದೂರುದಾರರು ತಂದ ನೋಟುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರಿ, ಪಂಚರ ಮುಂದೆ ಅವುಗಳ ಸಂಖ್ಯೆ ಬರೆದುಕೊಳ್ಳುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ತೊಳೆದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣವೊಂದೇ ಸಾಕಾಗದು, ಅಧಿಕಾರಿ ಹಣ ಕೇಳಿದ್ದ ಎಂಬುದೂ ರುಜುವಾತಾಗಬೇಕು. ದೂರುದಾರ ಸತ್ತರೆ ಅಥವಾ ನ್ಯಾಯಾಲಯದಲ್ಲಿ ಮಾತು ಬದಲಿಸಿದರೆ ಪ್ರಕರಣ ಬಿದ್ದೇಹೋಗುತ್ತದೆಯೇ? ಇಲ್ಲ, ಸಾಂದರ್ಭಿಕ ಸಾಕ್ಷ್ಯದಿಂದಲೂ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ವಲಸೆ ಪ್ರಕರಣಗಳ ಮಟ್ಟಿಗೆ ಈ ತೀರ್ಪಿನ ಬೆಲೆ ಹೆಚ್ಚು. ದೂರು ಕೊಟ್ಟ ವಿದೇಶಿ ವಿದ್ಯಾರ್ಥಿ ವಿಚಾರಣೆಯ ಹೊತ್ತಿಗೆ ತನ್ನ ದೇಶ ಸೇರಿರುವ ಸಂಭವವೇ ಜಾಸ್ತಿ.

ವಿಚಾರಣೆಗೆ ಮುನ್ನ 19ನೇ ಕಲಮಿನಡಿ ಮೇಲಧಿಕಾರದ ಮಂಜೂರಾತಿ ಬೇಕು. ಅದನ್ನು ಮೂರು ತಿಂಗಳಲ್ಲಿ, ಕಾನೂನು ಸಲಹೆ ಬೇಕಿದ್ದರೆ ಇನ್ನೊಂದು ತಿಂಗಳಲ್ಲಿ ತೀರ್ಮಾನಿಸಬೇಕು. ವಿಚಾರಣೆ ಎರಡು ವರ್ಷದಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ಆಶಯ ಆಶಯವಾಗಿಯೇ ಉಳಿದಿರುವುದನ್ನು ಬೆಂಗಳೂರಿನ ವಿಶೇಷ ನ್ಯಾಯಾಲಯಗಳ ಬಳಿ ಓಡಾಡಿದ ಯಾರಾದರೂ ಹೇಳಬಲ್ಲರು. ಈ ನಡುವೆ ಇಲಾಖಾ ಕ್ರಮ ಬೇರೆಯಾಗಿ ನಡೆಯುತ್ತದೆ. ನಲವತ್ತೆಂಟು ಗಂಟೆ ಮೀರಿ ಬಂಧನದಲ್ಲಿದ್ದ ಕೇಂದ್ರ ನೌಕರ 1965ರ ಕೇಂದ್ರ ನಾಗರಿಕ ಸೇವಾ ನಿಯಮಗಳ ಪ್ರಕಾರ ಅಮಾನತುಗೊಂಡಂತೆಯೇ. ಶಿಕ್ಷೆಯಾದರೆ ಪ್ರತ್ಯೇಕ ವಿಚಾರಣೆಯಿಲ್ಲದೆ ವಜಾ ಮಾಡಬಹುದು. ರಾಜ್ಯದ ಪೊಲೀಸರಿಗೆ ರಾಜ್ಯದ್ದೇ ಶಿಸ್ತು ನಿಯಮಗಳಿವೆ. ಟ್ರ್ಯಾಪ್‌ನಲ್ಲಿ ಸಿಕ್ಕವರು ಅಮಾನತು ತೆರವಾಗಿ ಬೇರೆ ಠಾಣೆಯಲ್ಲಿ ಹಾಜರಾಗುವುದನ್ನು ಕಂಡಿರುವ ಜನರಿಗೆ ಅಮಾನತು ಶಿಕ್ಷೆಯಂತೆ ಕಾಣುವುದಿಲ್ಲ.

ತನಿಖಾ ಸಂಸ್ಥೆಗಳ ಚರಿತ್ರೆಯೂ ನೇರವಾಗಿಲ್ಲ. 1984ರ ಕಾಯ್ದೆಯಡಿ ಹುಟ್ಟಿದ ಕರ್ನಾಟಕ ಲೋಕಾಯುಕ್ತಕ್ಕೆ ಎನ್. ವೆಂಕಟಾಚಲ ಮತ್ತು ಸಂತೋಷ್ ಹೆಗ್ಡೆಯವರ ಕಾಲದಲ್ಲಿ ದೊಡ್ಡ ಹೆಸರು ಬಂತು. 2015ರಲ್ಲಿ ಆಗಿನ ಲೋಕಾಯುಕ್ತರ ಮಗನ ಮೇಲೆಯೇ ಸುಲಿಗೆಯ ಆರೋಪ ಬಂದು, ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಒಪ್ಪಿಸಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ, ಕೇಂದ್ರ ನೌಕರರ ಮೇಲಿನ ಆರೋಪಗಳ ತನಿಖೆ ನಡೆಸುವ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಸಮ್ಮತಿಯನ್ನು ಹಿಂಪಡೆಯಿತು. ರಾಜಕೀಯ ಜಗಳದಲ್ಲಿ ಹುಟ್ಟಿದ ಸರ್ಕಾರದ ಇಂಥ ನಿರ್ಧಾರಗಳ ಭಾರ ಸಣ್ಣ ದೂರುದಾರರ ಮೇಲೂ ಬೀಳುತ್ತದೆ.

ಬೇರೆ ದೇಶಗಳಲ್ಲೂ ಕತೆ ಇಂಥದ್ದೇ. ಫಿಲಿಪ್ಪೀನ್ಸ್‌ನಲ್ಲಿ ಪ್ರಯಾಣಿಕರಿಂದ ಪಡೆದ ಹಣವನ್ನು ‘ಪಸ್ತಿಲ್ಯಾಸ್’ ಎಂಬ ಹಾಲಿನ ಮಿಠಾಯಿಯಂತೆ ಬಿಳಿ ಕಾಗದದಲ್ಲಿ ಸುತ್ತಿ ಅಧಿಕಾರಿಗಳಿಗೆ ಹಂಚುತ್ತಿದ್ದುದು 2020ರಲ್ಲಿ ಸೆನೆಟ್ ವಿಚಾರಣೆಯಲ್ಲಿ ಬಯಲಾಯಿತು. 2022ರಲ್ಲಿ ಅಲ್ಲಿನ ಒಂಬುಡ್ಸ್‌ಮನ್ ನಲವತ್ತಕ್ಕೂ ಹೆಚ್ಚು ಮಂದಿಯ ವಜಾಕ್ಕೆ ಆದೇಶಿಸಿದರು. ಅಷ್ಟು ಜನ ಒಟ್ಟಿಗೆ ವಜಾ ಆದ ವಲಸೆ ಪ್ರಕರಣ ಬೆಂಗಳೂರಿನಲ್ಲಿ ನಡೆದಿಲ್ಲ.

ಇಲ್ಲಿ ಹೆಚ್ಚು ಫಲ ಕೊಟ್ಟದ್ದು ಶಿಕ್ಷೆಗಿಂತ ಮುಖಾಮುಖಿ ತಪ್ಪಿಸಿದ್ದು. ಇ-ಎಫ್‌ಆರ್‌ಆರ್‌ಒ ವ್ಯವಸ್ಥೆ 2017ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಪ್ರಯೋಗವಾಗಿ, 2018ರ ಏಪ್ರಿಲ್‌ನಲ್ಲಿ ದೇಶಮಟ್ಟದಲ್ಲಿ ಉದ್ಘಾಟನೆಯಾಯಿತು. ಅರ್ಜಿ, ದಾಖಲೆ, ಶುಲ್ಕ ಎಲ್ಲವೂ ಆನ್‌ಲೈನ್. ಕರೆದರೆ ಮಾತ್ರ ಶಾಂತಿನಗರಕ್ಕೆ ಹೋಗಬೇಕು. 2025ರ ಜನವರಿಯಲ್ಲಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಸ್ವಯಂಚಾಲಿತ ವಲಸೆ ದ್ವಾರಗಳ ಯೋಜನೆ ಬಂತು. ಆದರೂ ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಸಾಲು ಪರದೆಯ ಮೇಲೆ ವಾರಗಟ್ಟಲೆ ನಿಂತಾಗ ಏಜೆಂಟರಿಗೆ ಮತ್ತೆ ಕೆಲಸ ಸಿಗುತ್ತದೆ.

ಲಂಚ ಕೊಡುವುದೂ 2018ರಿಂದ ನೇರ ಅಪರಾಧ. 7 ವರ್ಷದವರೆಗೆ ಸೆರೆಯಾಗಬಹುದು. ಬಲವಂತಕ್ಕೆ ಮಣಿದು ಕೊಟ್ಟವರು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅಪರಾಧಿಗಳಾಗುವುದಿಲ್ಲ. ಕೊಡುವ ಮೊದಲೇ ತಿಳಿಸಿ, ತನಿಖಾಧಿಕಾರಿಗಳ ಸೂಚನೆಯಂತೆ ಹಣ ಕೊಟ್ಟವರಿಗೂ ಈ ರಕ್ಷಣೆ ಇದೆ. ಠಾಣೆಯ ಸಿಬ್ಬಂದಿಯ ಮೇಲಿನ ದೂರನ್ನು ಡಾ. ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿರುವ ಲೋಕಾಯುಕ್ತಕ್ಕೆ, ಎಫ್‌ಆರ್‌ಆರ್‌ಒ ಸಿಬ್ಬಂದಿಯ ಮೇಲಿನದನ್ನು ಬಳ್ಳಾರಿ ರಸ್ತೆಯ ಗಂಗಾನಗರದ ಸಿಬಿಐ ಕಚೇರಿಗೆ ಕೊಡಬೇಕು.