ಗೋವೆಯ ಮದುವೆಮಂಟಪದ ಹೂಗಳು

ಗೋವೆಯ ಕಡಲತೀರದಲ್ಲಿ ಮದುವೆಯಾಗಬಯಸುವವರು ಈಗೀಗ ಮಂಟಪಕ್ಕೆ ಸ್ಥಳೀಯ ಹೂವುಗಳೇ ಬೇಕೆನ್ನುತ್ತಾರೆ. ಒಳ್ಳೆಯ ಬಯಕೆ. ಆದರೆ ಕಂಬಗಳನ್ನು ಸುತ್ತುವ ಚೆಂಡುಹೂವಿನ ತವರು ಮೆಕ್ಸಿಕೊ. ಹಾರದ ಸುಗಂಧರಾಜದ್ದೂ ಅದೇ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದ ಬಳಿಕ ಬೆಳೆದ ಕಡಲವ್ಯಾಪಾರ ಅಮೆರಿಕದ ಗಿಡಗಳಿಗೆ ಈ ತೀರದ ದಾರಿ ತೆರೆಯಿತು. ಗೇರು, ಮೆಣಸಿನಕಾಯಿಗಳೂ ಹಾಗೆ ಬಂದವೇ. ಅವನ್ನು ಇಂದು ಪರಕೀಯವೆನ್ನುವವರಾರು? ಚೆಂಡುಹೂವಿಲ್ಲದೆ ನಮ್ಮ ದಸರೆಯ ತೋರಣವೇ ಇಲ್ಲ.

ಈ ನೆಲದ ಹಳೆಯ ಹೂವೆಂದರೆ ಅಬೋಲಿ, ನಮ್ಮ ಕನಕಾಂಬರ. ಅದಕ್ಕೆ ಪರಿಮಳವಿಲ್ಲ, ಪುಟ್ಟ ಹೂಗಳನ್ನು ಬಿಡಿಬಿಡಿಯಾಗಿ ಕಟ್ಟಬೇಕು. ಕಂಬಕ್ಕೆ ಒದಗದು, ಮುಡಿಗೆ ಒಪ್ಪುತ್ತದೆ. ಗೋವೆಯ ಹೆಂಗಸರು ಅದನ್ನು ಮುಡಿಯುತ್ತಲೇ ಬಂದಿದ್ದಾರೆ. ಅಲಂಕಾರ ಮಾಡುವವರನ್ನು ಮೊದಲು ಕೇಳಬೇಕಾದದ್ದು ಇದನ್ನೇ. ಮುಂಬಯಿಯ ನಮ್ಮ ಮದುವೆಗಳಿಗೆ ಶಂಕರಪುರದ ಮಲ್ಲಿಗೆ ಇಂದಿಗೂ ಊರಿನಿಂದಲೇ ಬರುತ್ತದೆ. ಅದನ್ನು ಸ್ಥಳೀಯವಲ್ಲವೆಂದು ಬಿಡಲು ನನಗಂತೂ ಮನಸ್ಸಾಗದು.